ಹೊಗೆಯಲ್ಲಿ ಹೋಗುವ ಸೌದೆ: ಅಸ್ತ್ರ ಒಲೆ ಮತ್ತೆ ಕಟ್ಟುವಾಗ ಕಲಿತದ್ದು

ಕುಣಿಗಲ್ ಕಡೆಯ ನಮ್ಮ ಮನೆಯ ಹಿತ್ತಲಲ್ಲಿ ಹಳೆಯ ಅಸ್ತ್ರ ಒಲೆ ಇದೆ. ಗ್ಯಾಸ್ ಬಂದ ಮೇಲೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಹಬ್ಬಕ್ಕೆ ಜನ ಸೇರಿದಾಗ ದೊಡ್ಡ ಪಾತ್ರೆಯಲ್ಲಿ ಮುದ್ದೆ ಬೇಯಿಸಲು ಸೌದೆ ಒಲೆಯೇ ಬೇಕು ಎಂದು ಅಜ್ಜಿ ಹಟ ಹಿಡಿದರು. ರಜೆಯಲ್ಲಿ ಒಡೆದು ಮತ್ತೆ ಕಟ್ಟಿದೆ. ನನ್ನ ಜೊತೆ ದಹನದ ಪಾಠ ಓದುತ್ತಿರುವವರಿಗಾಗಿ ಈ ಟಿಪ್ಪಣಿ.

ಈ ಒಲೆಗೂ ನಮ್ಮ ತಾಲ್ಲೂಕಿಗೂ ನಂಟಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ತಂಡ ಶುರುವಾಯಿತು. ಹಳ್ಳಿಗೆ ಒದಗುವ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಅದರ ವಿಸ್ತರಣಾ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಆ ತಂಡ ರೂಪಿಸಿದ, ಮೂರು ಪಾತ್ರೆ ಕೂರುವ, ಹೊಗೆ ಕೊಳವೆ ಇರುವ ಈ ಮಣ್ಣಿನ ಒಲೆ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಹಬ್ಬಿತು.

ಹೊಗೆ ಎಂದರೆ ಏನು?

ಒಲೆ ಅರ್ಥವಾಗಬೇಕಾದರೆ ಮೊದಲು ಇದು ಗೊತ್ತಾಗಬೇಕು. ಸೌದೆ ನೇರವಾಗಿ ಉರಿಯುವುದಿಲ್ಲ. ಮೊದಲು ನೀರು ಆವಿಯಾಗುತ್ತದೆ. ಸುಮಾರು 200–300 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಸೌದೆ ಒಡೆದು ಅನಿಲ ಬಿಡುತ್ತದೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಹೀಗೆ ಅನಿಲವಾಗಿ ಏಳುತ್ತದೆ. ಉಳಿದದ್ದು ಇದ್ದಿಲು, ಅದೇ ಕೆಂಡ. ನಾವು ನೋಡುವ ಜ್ವಾಲೆ ಆ ಅನಿಲ ಉರಿಯುವುದು. ಅದಕ್ಕೆ ಗಾಳಿ ಸಾಲದಿದ್ದರೆ, ಬಿಸಿ ಸಾಲದಿದ್ದರೆ, ಉರಿಯದೆ ಹೊಗೆಯಾಗಿ ಹೋಗುತ್ತದೆ. ಅಂದರೆ ಕಣ್ಣು ಉರಿಸುವ ಹೊಗೆ ಸುಡದೆ ಉಳಿದ ಸೌದೆಯೇ.

"ಹೊಗೆ ಬತ್ತೈತೆ ಅಂದ್ರೆ ಸೌದೆ ಹಸಿ ಐತೆ ಕಣ್ ಮಗ" ಎಂದು ಅಜ್ಜಿ ಯಾವಾಗಲೂ ಹೇಳುವುದು. ಲೆಕ್ಕ ಹಾಕಿ ನೋಡಿದೆ. 1 ಕೆ.ಜಿ. ಸೌದೆಯಲ್ಲಿ 30% ನೀರಿದ್ದರೆ ಅದು 300 ಗ್ರಾಂ. ಅದನ್ನು 25 ಡಿಗ್ರಿಯಿಂದ ಕಾಯಿಸಿ ಆವಿ ಮಾಡಲು ಸುಮಾರು 770 ಕಿಲೋಜೌಲ್ ಬೇಕು. ಅಷ್ಟು ಶಾಖದಲ್ಲಿ ಎರಡೂವರೆ ಲೀಟರ್ ತಣ್ಣೀರು ಕುದಿಗೆ ಬರುತ್ತಿತ್ತು! ಆದರೂ ಉಳಿದ 700 ಗ್ರಾಂ ಒಣ ಭಾಗದಲ್ಲಿ ಸುಮಾರು 12,600 ಕಿಲೋಜೌಲ್ ಇದೆ. ನಷ್ಟ 6% ಅಷ್ಟೇ ಅಲ್ವಾ ಎಂದುಕೊಂಡರೆ ತಪ್ಪು. ಆವಿ ಬೆಂಕಿಯನ್ನು ತಣ್ಣಗೆ ಮಾಡುತ್ತದೆ. ಬೆಂಕಿ ತಣ್ಣಗಾದರೆ ಅನಿಲ ಹೊತ್ತುವುದಿಲ್ಲ. ದೊಡ್ಡ ನಷ್ಟ ಅಲ್ಲಿದೆ. ನೀರು 20%ಕ್ಕಿಂತ ಕಡಿಮೆ ಇರುವಂತೆ ಸೌದೆ ಒಣಗಿಸಬೇಕು. ನಮ್ಮಲ್ಲಿ ತೆಂಗಿನ ಮಟ್ಟೆಗೆ ಬರವಿಲ್ಲ, ಆದರೆ ಮಳೆಗಾಲಕ್ಕೆ ಮುಂಚೆ ಸೂರಿನಡಿ ಪೇರಿಸದಿದ್ದರೆ ಅದೂ ಹೊಗೆಯೇ.

ಕೊಳವೆ ಏಕೆ ಎಳೆಯುತ್ತದೆ?

ಬಿಸಿ ಗಾಳಿ ಹಗುರ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕೆ.ಜಿ. ತೂಗುತ್ತದೆ, 200 ಡಿಗ್ರಿಯಲ್ಲಿ 0.75 ಕೆ.ಜಿ. ಕೊಳವೆ 3 ಮೀಟರ್ ಎತ್ತರ ಇದ್ದರೆ ಈ ವ್ಯತ್ಯಾಸದಿಂದ ಹುಟ್ಟುವ ಎಳೆತ ಸುಮಾರು 12 ಪಾಸ್ಕಲ್. ಒಂದು ಮಿಲಿಮೀಟರ್ ನೀರಿನ ಒತ್ತಡಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಷ್ಟು ಸಣ್ಣ ಬಲದ ಮೇಲೆ ಇಡೀ ಒಲೆ ನಿಂತಿದೆ. ಒಂದು ಬಿರುಕು ಸಾಕು, ಎಳೆತ ಸೋರಿಹೋಗುತ್ತದೆ.

ನಾನು ಎಡವಿದ್ದು ಇಲ್ಲೇ. ಹಳೆಯ ಪಾತ್ರೆಗಳು ಸಿಗಲಿಲ್ಲ ಎಂದು ಬೇರೆ ಪಾತ್ರೆ ಇಟ್ಟೆ. ಪಾತ್ರೆ ಕೂರುವ ಕುಣಿಯ ಅಂಚಿನಲ್ಲಿ ಬೆರಳು ಹೋಗುವಷ್ಟು ಸಂದಿ ಉಳಿಯಿತು. ಕೊಳವೆ ಅಲ್ಲಿಂದ ತಣ್ಣನೆ ಗಾಳಿ ಎಳೆದುಕೊಂಡಿತು, ಬೆಂಕಿಗೆ ಗಾಳಿ ಬರಲಿಲ್ಲ, ಒಲೆ ಬಾಯಿಂದ ಹೊಗೆ ವಾಪಸ್ ಬಂತು. ಮೊದಲು ಪಾತ್ರೆ ಆರಿಸಿಕೊಳ್ಳಿ, ಆಮೇಲೆ ಅದರ ಅಳತೆಗೆ ಕುಣಿ ಮಾಡಿ. ಸೋರಿಕೆ ಹುಡುಕಲು ಊದುಬತ್ತಿ ಸಾಕು. ಒಲೆ ಬಿಸಿ ಇರುವಾಗ ಒಂದೊಂದು ಸೇರಿಕೆಯ ಹತ್ತಿರ ಹಿಡಿಯಿರಿ. ಅದರ ಹೊಗೆ ಎಲ್ಲಿ ಒಳಗೆ ಬಾಗುತ್ತದೋ ಅಲ್ಲಿ ಹುತ್ತದ ಮಣ್ಣು, ಸಗಣಿ ಕಲಸಿ ಮೆತ್ತಿ.

ಜಾಲರಿಯನ್ನು ಮಾತ್ರ ಬಿಡಬೇಡಿ. ಸೌದೆ ಅದರ ಮೇಲೆ ಕೂರುತ್ತದೆ, ಗಾಳಿ ಕೆಳಗಿನಿಂದ ಕೆಂಡದ ನಡುವೆ ನುಗ್ಗುತ್ತದೆ. ಬೂದಿ ಗುಂಡಿ ತುಂಬಿದರೆ ಆ ದಾರಿ ಮುಚ್ಚಿತು ಎಂದೇ. ಹಳೆಯ ಕೊಳವೆ ಆಸ್ಬೆಸ್ಟಾಸ್ ಸಿಮೆಂಟಿನದಾದರೆ ಗರಗಸ ಹಾಕಬೇಡಿ, ಒಡೆಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ ಇಡಿಯಾಗಿ ತೆಗೆಯಿರಿ.

ಕೆಟಲಿಸ್ಟ್ ಒಲೆಯಿಂದ ಏನು ಕಲಿಯಬಹುದು?

ಅಮೆರಿಕ, ಕೆನಡಾದಂಥ ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಕಬ್ಬಿಣದ ಸೌದೆ ಒಲೆಗಳಿವೆ. ಕೆಲವಕ್ಕೆ ಹೊಗೆ ದಾರಿಯಲ್ಲಿ ಜೇನುಗೂಡಿನಂಥ ಸೆರಾಮಿಕ್ ಬಿಲ್ಲೆ ಇರುತ್ತದೆ. ಅದಕ್ಕೆ ಪಲ್ಲೇಡಿಯಂ ಅಥವಾ ಪ್ಲಾಟಿನಂ ಲೇಪ. ಹೊಗೆ ತಾನಾಗಿ ಉರಿಯಲು ಸುಮಾರು 600 ಡಿಗ್ರಿ ಬೇಕು. ಈ ಲೋಹ ಮುಟ್ಟಿದರೆ ಸುಮಾರು 260 ಡಿಗ್ರಿಯಲ್ಲೇ ಉರಿಯಲು ಶುರುವಾಗುತ್ತದೆ. ಇದೇ ಕೆಟಲಿಸ್ಟ್, ನಮ್ಮ ಪಾಠದ ಕ್ರಿಯಾವರ್ಧಕ. ತಾನು ಖರ್ಚಾಗುವುದಿಲ್ಲ, ಕ್ರಿಯೆಯ ಹೊಸ್ತಿಲನ್ನು ತಗ್ಗಿಸುತ್ತದೆ.

ಬೆಂಕಿ ಹಚ್ಚುವಾಗ ಬಿಲ್ಲೆಯನ್ನು ಬಿಟ್ಟು ಪಕ್ಕದ ದಾರಿಯಿಂದ ಹೊಗೆ ಬಿಡಬೇಕು. ಬಿಲ್ಲೆ ಬಿಸಿಯಾದ ಮೇಲೆ ಆ ದಾರಿ ಮುಚ್ಚಬೇಕು. ಸೌದೆ ಹಾಕಲು ಬಾಗಿಲು ತೆಗೆಯುವ ಮುಂಚೆ ಅದನ್ನು ಮತ್ತೆ ತೆರೆಯಬೇಕು, ಇಲ್ಲದಿದ್ದರೆ ಹೊಗೆ ಮನೆಗೆ ಬರುತ್ತದೆ. ಪ್ಲಾಸ್ಟಿಕ್, ಬಣ್ಣ ಬಳಿದ ಮರ ಹಾಕಿದರೆ ಸೀಸ, ಗಂಧಕದಂಥವು ಲೇಪಕ್ಕೆ ಅಂಟಿ ಅದು ಸಾಯುತ್ತದೆ. ಹಳೆಯ ಒಲೆ ರಿಪೇರಿ ಮಾಡುವವರು ಬಾಗಿಲಿನ ಸುತ್ತ ಸಂದಿ ಮುಚ್ಚುವ ಹಗ್ಗದಂಥ ಗ್ಯಾಸ್ಕೆಟ್ ಮೊದಲು ಬದಲಿಸುತ್ತಾರೆ. ಕಾಗದದ ಚೂರು ಇಟ್ಟು ಬಾಗಿಲು ಮುಚ್ಚಿ ಎಳೆಯುತ್ತಾರೆ. ಸಲೀಸಾಗಿ ಬಂದರೆ ಸೋರುತ್ತಿದೆ ಎಂದರ್ಥ. ನಾನು ಊದುಬತ್ತಿಯಲ್ಲಿ ಹುಡುಕಿದ್ದೂ ಅದನ್ನೇ.

ಈ ಬಿಲ್ಲೆಯನ್ನು ನಮ್ಮ ಒಲೆಗೆ ಹಾಕಬಾರದೇಕೆ ಎಂದು ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ನನಗನಿಸುವುದು, ಬೇಡ. ನಮ್ಮಲ್ಲಿ ಮೂರು ಪಾತ್ರೆಗಳು ಶಾಖ ಹೀರಿದ ಮೇಲೆ ಕೊಳವೆ ಸೇರುವ ಹೊಗೆ 260 ಡಿಗ್ರಿ ಉಳಿಸಿಕೊಳ್ಳುವುದು ಕಷ್ಟ. ಆ 12 ಪಾಸ್ಕಲ್ ಎಳೆತಕ್ಕೆ ಸಣ್ಣ ಸಣ್ಣ ತೂತುಗಳ ಬಿಲ್ಲೆ ದೊಡ್ಡ ತಡೆ, ಮಸಿ ಕಟ್ಟಿದರಂತೂ ಮುಗಿಯಿತು. ನಾವು ಹೊಗೆಯನ್ನು ಉರಿಗೂಡಿನೊಳಗೇ ಸುಡಬೇಕು. ಅದಕ್ಕೇ ಒಣ ಸೌದೆ, ಸಣ್ಣ ಸೀಳು, ಸ್ವಲ್ಪ ಸ್ವಲ್ಪವೇ ಹಾಕುವುದು. ಒಂದೇ ಸಲ ತುರುಕಿದರೆ ಅನಿಲ ಒಟ್ಟಿಗೆ ಏಳುತ್ತದೆ, ಗಾಳಿ ಸಾಲುವುದಿಲ್ಲ.

ಕಟ್ಟಿದ ಒಲೆ ನೆರಳಲ್ಲಿ ಪೂರ್ತಿ ಒಣಗಲಿ. ಆಮೇಲೆ ಪರೀಕ್ಷೆ ಮಾಡಿ. ಸೌದೆ ತೂಗಿ, ನೀರು ಅಳೆದು, ಕುದಿ ಬರುವವರೆಗೆ ಎಷ್ಟು ಸೌದೆ ಹೋಯಿತು ಎಂದು ಬರೆದಿಡಿ. ಉಳಿದ ಕೆಂಡವನ್ನೂ ತೂಗಿ ಕಳೆಯಿರಿ. ಜೋರು ಗಾಳಿ ಇಲ್ಲದ ದಿನ, ಅದೇ ಪಾತ್ರೆ, ಅದೇ ಸೌದೆ, ಮೂರು ಸಲ. ಕೊಳವೆ ತುದಿ ನೋಡಲು ಒಬ್ಬರನ್ನು ಹೊರಗೆ ನಿಲ್ಲಿಸಿ. ನಮ್ಮ ಮನೆಯಲ್ಲಿ ಆ ಕೆಲಸ ಅಜ್ಜಿಯದು. ಹೊಗೆ ಕಪ್ಪಗಾದ ತಕ್ಷಣ ಅಂಗಳದಿಂದಲೇ ಕೂಗುತ್ತಾರೆ, "ಒಂದ್ ಸೌದೆ ಈಚೆಗೆ ಎಳಿ!"