ಮೇಯುವ ಮೀನುಗಳು

ಮೇಯುವುದು ಅಂದ ಕೂಡಲೇ ದನ, ಕುರಿ ಕಣ್ಣ ಮುಂದೆ ಬರುತ್ತವೆ ಅಲ್ವಾ? ಕಡಲಿನಲ್ಲೂ ಮೇಯುವವರಿದ್ದಾರೆ. ಹವಳದ ದಿಬ್ಬಗಳಲ್ಲಿ ಪಾಚಿ ತಿಂದು ಬದುಕುವ ಮೀನುಗಳಿಗೆ ಈ ಹೆಸರು. ಗಿಳಿಮೀನು, ಸರ್ಜನ್ ಮೀನು, ಮೊಲಮೀನು ಎಲ್ಲ ಈ ಗುಂಪಿನವೇ.

ಹವಳ ಅಂದರೆ ಸುಣ್ಣಕಲ್ಲಿನ ಗೂಡು ಕಟ್ಟಿಕೊಳ್ಳುವ ಪುಟ್ಟ ಕಡಲ ಪ್ರಾಣಿ. ಅದಕ್ಕೂ ಪಾಚಿಗೂ ಜಾಗಕ್ಕಾಗಿ ಸದಾ ಪೈಪೋಟಿ. ಹವಳದ ಮರಿ ನೀರಿನಲ್ಲಿ ತೇಲಿ ಬಂದು ಗಟ್ಟಿ ಕಲ್ಲಿನ ಮೇಲೆ ನೆಲೆಯೂರಬೇಕು. ಅಲ್ಲಿ ಪಾಚಿ ದಟ್ಟವಾಗಿದ್ದರೆ ಅದಕ್ಕೆ ಜಾಗವೇ ಸಿಗುವುದಿಲ್ಲ. (ಹವಳದ ಮೈಯೊಳಗೇ ಇದ್ದು ಅದಕ್ಕೆ ಆಹಾರ ಕೊಡುವ ಸೂಕ್ಷ್ಮ ಪಾಚಿಯೂ ಇದೆ. ಅದು ಬೇರೆ.)

ಗಿಳಿಮೀನನ್ನು ಹತ್ತಿರದಿಂದ ನೋಡಬೇಕು. ಹಲ್ಲುಗಳೆಲ್ಲ ಕೂಡಿಕೊಂಡು ಥೇಟ್ ಗಿಳಿಯ ಕೊಕ್ಕು. ಅದರಿಂದ ಕಲ್ಲನ್ನೇ ಕೆರೆಯುತ್ತದೆ. ಆ ಕರಕರ ಸದ್ದು ಮುಳುಗುಗಾರರಿಗೂ ಕೇಳಿಸುತ್ತದೆ. ಪಾಚಿಯ ಜೊತೆ ಸುಣ್ಣಕಲ್ಲಿನ ಚೂರೂ ಬಾಯಿಗೆ ಹೋಗುತ್ತದೆ. ಗಂಟಲಿನಲ್ಲಿರುವ ಇನ್ನೊಂದು ಸಾಲು ಹಲ್ಲುಗಳು ಅದನ್ನು ಬೀಸಿ ಹಿಟ್ಟು ಮಾಡುತ್ತವೆ. ಕೊನೆಗೆ ಹಿಂದಿನಿಂದ ಬರುವುದು ಬಿಳಿ ಮರಳು! ಹವಳ ದ್ವೀಪಗಳ ದಂಡೆಯ ಮರಳಿನಲ್ಲಿ ಇದರ ಪಾಲು ಜಾಸ್ತಿಯೇ ಇದೆ. ಕೆಲವು ಜಾತಿಗಳು ಜೀವಂತ ಹವಳವನ್ನೂ ಕಚ್ಚುತ್ತವೆ, ನಿಜ. ಅಷ್ಟಕ್ಕೇ ಇವನ್ನು ಹವಳದ ಶತ್ರು ಅನ್ನುವುದು ಅನ್ಯಾಯ. ಇವು ಕೆರೆದು ಬಿಟ್ಟ ಬೋಳು ಕಲ್ಲೇ ಹವಳದ ಮರಿಗೆ ಬೇಕಾದದ್ದು.

ಇವು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆರಿಬಿಯನ್ ಕಡಲಿನ ದ್ವೀಪ ಜಮೈಕಾ ಸಾಕ್ಷಿ. ಅಲ್ಲಿ ವಿಪರೀತ ಮೀನುಗಾರಿಕೆಯಿಂದ ಮೇಯುವ ಮೀನುಗಳು ತೀರಾ ಕಡಿಮೆಯಾಗಿದ್ದವು. ಪಾಚಿ ತಿನ್ನುವ ಕೆಲಸವೆಲ್ಲ ಸೀ ಅರ್ಚಿನ್ ಎಂಬ ಉದ್ದ ಮುಳ್ಳಿನ ದುಂಡನೆಯ ಕಡಲ ಪ್ರಾಣಿಗಳ ಮೇಲೆ ಬಿದ್ದಿತ್ತು. 1980ರಲ್ಲಿ ಚಂಡಮಾರುತ ಹವಳವನ್ನು ಪುಡಿಪುಡಿ ಮಾಡಿತು. 1983ರಲ್ಲಿ ರೋಗ ಬಂದು ಸೀ ಅರ್ಚಿನ್‌ಗಳೂ ಸತ್ತವು. 1970ರ ದಶಕದ ಕೊನೆಯಲ್ಲಿ ದಿಬ್ಬದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತ ಕೆಳಗಿಳಿಯಿತು. ಉಳಿದ ಕಡೆಯೆಲ್ಲ ಪಾಚಿ. ಅದೇ ಕೆರಿಬಿಯನ್ ಕಡಲ ದಂಡೆಯ ಬೆಲೀಜ್ ದೇಶ 2009ರಲ್ಲಿ ಗಿಳಿಮೀನು ಮತ್ತು ಸರ್ಜನ್ ಮೀನು ಹಿಡಿಯುವುದನ್ನೇ ನಿಷೇಧಿಸಿತು. ಒಳ್ಳೆಯ ಕೆಲಸ.

ಎಲ್ಲ ಮೀನೂ ಒಂದೇ ಥರ ಮೇಯುವುದಿಲ್ಲ. ಸರ್ಜನ್ ಮೀನುಗಳಲ್ಲಿ ಹಲವು ಗಿಡ್ಡ ಪಾಚಿಯನ್ನು ಕತ್ತರಿಸಿ ತಿನ್ನುತ್ತವೆ. ಎತ್ತರಕ್ಕೆ ಬೆಳೆದ ಪಾಚಿಯನ್ನು, ಅಂದರೆ ಕಡಲಕಳೆಯನ್ನು, ಮೇಯುವ ಮೀನುಗಳಲ್ಲಿ ಹೆಚ್ಚಿನವು ಮುಟ್ಟುವುದೇ ಇಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸಂಶೋಧಕರು ದಿಬ್ಬದ ಭಾಗಗಳಿಗೆ ಬೋನು ಹಾಕಿ ಮೀನುಗಳನ್ನು ಹೊರಗಿಟ್ಟರು. ಒಳಗೆ ಕಡಲಕಳೆ ಕಾಡಿನಂತೆ ಬೆಳೆಯಿತು. ಬೋನು ತೆಗೆದು ಕ್ಯಾಮೆರಾ ಇಟ್ಟರು. ಗಿಳಿಮೀನುಗಳು ಬಂದು ತಿನ್ನುತ್ತವೆ ಅಂದುಕೊಂಡರೆ, ಅದನ್ನು ಹೆಚ್ಚಾಗಿ ತಿಂದು ತೆರವು ಮಾಡಿದ್ದು ಬ್ಯಾಟ್‌ಫಿಶ್ ಎಂಬ ಬೇರೆಯೇ ಮೀನು. ಅಲ್ಲಿಯವರೆಗೆ ಅದನ್ನು ಹುಳಹುಪ್ಪಟೆ ತಿನ್ನುವ ಮೀನು ಎಂದೇ ತಿಳಿದಿದ್ದರು.