ತುಟಿ ಮೇಲಿನ ಹಳದಿ ಚುಕ್ಕೆ ತೆಗೆಸಬೇಕಾ?

ಪ್ರಶ್ನೆ: ಡಾಕ್ಟರೇ, ನಾನು ತೀರ್ಥಹಳ್ಳಿ ಹತ್ತಿರದವನು, ವಯಸ್ಸು 26. ಮೇಲ್ದುಟಿಯಲ್ಲಿ ರವೆಯಷ್ಟು ಸಣ್ಣ ಹಳದಿ ಚುಕ್ಕೆಗಳಿವೆ. ನೋವಿಲ್ಲ, ತುರಿಕೆ ಇಲ್ಲ. ತುಟಿ ಎಳೆದರೆ ಇನ್ನೂ ಜಾಸ್ತಿ ಕಾಣುತ್ತವೆ. ಸ್ನೇಹಿತರು ‘ಏನೋ ಅಂಟುರೋಗ’ ಅಂತ ರೇಗಿಸುತ್ತಾರೆ. ಮದುವೆ ಗೊತ್ತಾಗಿದೆ. ಅಷ್ಟರೊಳಗೆ ತೆಗೆಸಬಹುದಾ?

ಉತ್ತರ: ತೆಗೆಸಬಹುದು. ಆದರೆ ನನ್ನನ್ನು ಕೇಳಿದರೆ, ಬಿಟ್ಟುಬಿಡಿ ಅನ್ನುತ್ತೇನೆ.

ನೀವು ಹೇಳಿದ ಲಕ್ಷಣ ನೋಡಿದರೆ ಇವು ಬಹುತೇಕ ಫೋರ್ಡೈಸ್ ಚುಕ್ಕೆಗಳು. 1896ರಲ್ಲಿ ಇವುಗಳ ಬಗ್ಗೆ ಬರೆದ ಅಮೆರಿಕದ ಚರ್ಮವೈದ್ಯ ಜಾನ್ ಫೋರ್ಡೈಸ್ ಅವರ ಹೆಸರೇ ಉಳಿದುಕೊಂಡಿದೆ. ಚರ್ಮಕ್ಕೆ ಎಣ್ಣೆ ಒದಗಿಸುವ ಗ್ರಂಥಿಗಳು ಸಾಮಾನ್ಯವಾಗಿ ಕೂದಲಿನ ಬುಡದಲ್ಲಿ ಇರುತ್ತವೆ. ತುಟಿಯಲ್ಲಿ, ಕೆನ್ನೆಯ ಒಳಗೆ ಕೂದಲಿಲ್ಲ. ಆದರೂ ಅಲ್ಲೂ ಒಂದಿಷ್ಟು ಗ್ರಂಥಿಗಳು ಇರುತ್ತವೆ. ತುಟಿಯ ಚರ್ಮ ತೆಳು, ಹಾಗಾಗಿ ಅವು ಹಳದಿಯಾಗಿ ಹೊರಗೆ ಕಾಣುತ್ತವೆ. ಅಷ್ಟೇ. ಪ್ರಾಯಕ್ಕೆ ಬಂದಾಗ ಹಾರ್ಮೋನಿನಿಂದ ಗ್ರಂಥಿ ದೊಡ್ಡದಾಗುತ್ತದೆ, ಆಗ ಕಣ್ಣಿಗೆ ಬೀಳುತ್ತವೆ. ದೊಡ್ಡವರಲ್ಲಿ ನೂರಕ್ಕೆ 70-80 ಜನರಿಗೆ ಇರುತ್ತವೆ. ರೇಗಿಸುವ ನಿಮ್ಮ ಸ್ನೇಹಿತರೂ ಒಮ್ಮೆ ಕನ್ನಡಿ ಮುಂದೆ ತುಟಿ ಎಳೆದು ನೋಡಿಕೊಳ್ಳಲಿ.

ಇದು ಅಂಟುವುದಿಲ್ಲ. ಲೈಂಗಿಕ ರೋಗ ಅಲ್ಲ. ಒಂದೇ ಲೋಟದಲ್ಲಿ ನೀರು ಕುಡಿದರೂ, ಮುತ್ತು ಕೊಟ್ಟರೂ ಹರಡುವುದಿಲ್ಲ. ಹರ್ಪಿಸ್ (ವೈರಸ್‌ನಿಂದ ತುಟಿಗೆ ಬರುವ ಅಂಟುಗುಳ್ಳೆ) ಆಗಿದ್ದರೆ ಮೊದಲು ಚುರುಚುರು ಅನ್ನುತ್ತದೆ, ಆಮೇಲೆ ನೀರುಗುಳ್ಳೆ ಎದ್ದು, ಒಡೆದು, ಹಕ್ಕಳೆಗಟ್ಟಿ ವಾಸಿಯಾಗುತ್ತದೆ. ನಿಮ್ಮ ಚುಕ್ಕೆಗಳು ಹಾಗೆ ಬಂದು ಹೋಗುವಂಥವಲ್ಲ.

ತೆಗೆಯುವ ದಾರಿಗಳು ಇವೆ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಒಂದೊಂದೇ ಚುಕ್ಕೆ ಸುಡುತ್ತಾರೆ. ಕರೆಂಟಿನ ಸಣ್ಣ ಸೂಜಿಯಿಂದಲೂ ಸುಡುತ್ತಾರೆ. ಚುಕ್ಕೆಗಳು ಜಾಸ್ತಿ ಇದ್ದರೆ ಪಂಚ್ ಅನ್ನೋ, ಪೆನ್ನಿನ ತುದಿಯಂಥ ಪುಟ್ಟ ಕೊರೆಯುವ ಉಪಕರಣದಿಂದ ಗ್ರಂಥಿಯನ್ನೇ ತೆಗೆಯುವುದೂ ಉಂಟು. ಗ್ರಂಥಿ ಪೂರ್ತಿ ಹೋದರೆ ಆ ಜಾಗದಲ್ಲಿ ಮತ್ತೆ ಬರುವುದು ಕಡಿಮೆ. ಮೇಲುಮೇಲೆ ಸುಟ್ಟರೆ ಮತ್ತೆ ಕಾಣಿಸಿಕೊಳ್ಳಬಹುದು. ಆಳಕ್ಕೆ ಸುಟ್ಟರೆ ಕಲೆ ಉಳಿಯಬಹುದು. ಇಕ್ಕಟ್ಟು ಇರುವುದೇ ಇಲ್ಲಿ. ನಮ್ಮಂಥ ಕಂದು ಚರ್ಮದವರಿಗೆ ಗಾಯ ಮಾಗಿದ ಮೇಲೆ ಆ ಜಾಗ ಕಪ್ಪಾಗುವುದು ಸಾಮಾನ್ಯ. ಹತ್ತಿರ ಬಂದು ನೋಡಿದರೆ ಮಾತ್ರ ಕಾಣುತ್ತಿದ್ದ ಹಳದಿ ಚುಕ್ಕೆ ಹೋಗಿ, ದೂರದಿಂದಲೇ ಕಾಣುವ ಕಪ್ಪು ಮಚ್ಚೆ ಬಂದರೆ ಏನು ಪ್ರಯೋಜನ?

ಐಸೊಟ್ರೆಟಿನಾಯಿನ್ ಅನ್ನೋ ಮೊಡವೆಯ ಮಾತ್ರೆಯಿಂದಲೂ ಚುಕ್ಕೆ ಕಡಿಮೆಯಾಗುತ್ತದೆ. ನಿಲ್ಲಿಸಿದರೆ ವಾಪಸ್ ಬರಬಹುದು. ತುಟಿ ಒಣಗಿ ಬಿರಿಯುತ್ತದೆ. ಗರ್ಭದಲ್ಲಿರುವ ಮಗುವಿಗೆ ಇದು ತುಂಬಾ ಅಪಾಯಕಾರಿ, ಹಾಗಾಗಿ ಮದುವೆ ಹತ್ತಿರವಿರುವ ಹೆಣ್ಣುಮಕ್ಕಳು ಸ್ನೇಹಿತೆ ಹೇಳಿದಳು ಅಂತ ಮೆಡಿಕಲ್‌ನಲ್ಲಿ ಕೊಂಡು ನುಂಗಬಾರದು.

ಇಷ್ಟೆಲ್ಲ ಕೇಳಿಯೂ ತೆಗೆಸಲೇಬೇಕು ಅನಿಸಿದರೆ ಚರ್ಮವೈದ್ಯರ ಹತ್ತಿರವೇ ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಬ್ಯೂಟಿ ಪಾರ್ಲರ್‌ನಲ್ಲಿ ಇದನ್ನು ಮಾಡಿಸಬೇಡಿ. ಮೊದಲು ಬಾಯಿಯ ಮೂಲೆಯ ಒಂದೆರಡು ಚುಕ್ಕೆ ಮಾತ್ರ ತೆಗೆಸಿ, ಕೆಲವು ವಾರ ಕಾದು, ಕಲೆ ಆಗುತ್ತದಾ ನೋಡಿ. ಹಿಂದೆ ತುಟಿಗೆ ಹರ್ಪಿಸ್ ಆಗಿದ್ದರೆ ಮರೆಯದೆ ಹೇಳಿ, ಲೇಸರ್‌ನಿಂದ ಅದು ಮತ್ತೆ ಕೆರಳಬಹುದು. ಮದುವೆಗೆ ತಿಂಗಳಷ್ಟೇ ಉಳಿದಿದ್ದರೆ ಈಗ ಕೈಹಾಕಲೇಬೇಡಿ. ಹಕ್ಕಳೆ ಬೇಗ ಉದುರಬಹುದು, ಆದರೆ ಕೆಂಪು, ಕಪ್ಪು ಹೋಗಲು ತಿಂಗಳುಗಳೇ ಬೇಕಾಗಬಹುದು. ಫೋಟೊದವರಿಗೆ ಒಂದು ಮಾತು ಹೇಳಿದರೆ ಸಾಕಲ್ವಾ?

ಮನೆಮದ್ದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಂಬೆರಸ, ಟೂತ್‌ಪೇಸ್ಟ್, ಎಲೆಯಡಿಕೆಯ ಸುಣ್ಣ, ಯಾವುದೂ ಗ್ರಂಥಿಯ ತನಕ ತಲುಪುವುದಿಲ್ಲ, ತುಟಿ ಮಾತ್ರ ಸುಡುತ್ತದೆ. ಹಿಸುಕಿದರೆ ಊದಿಕೊಳ್ಳುತ್ತದೆ. ಸ್ಟಿರಾಯ್ಡ್ ಕ್ರೀಮ್ ಹಚ್ಚಿದರೆ ಬಾಯಿಯ ಸುತ್ತ ಹೊಸ ಗುಳ್ಳೆ ಏಳಬಹುದು.

ನಮ್ಮ ಮಲೆನಾಡಿನವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಅಡಿಕೆ ನಮ್ಮ ಅನ್ನ, ಹೇಳಿದರೆ ಬೇಸರವಾಗುತ್ತದೆ ಅಂತ ಗೊತ್ತು. ಆದರೂ ಅಡಿಕೆ, ಗುಟ್ಕಾ ಜಗಿಯುವ ಅಭ್ಯಾಸ ಇದ್ದರೆ ಬಾಯೊಳಗಿನ ಬಿಳುಪನ್ನೆಲ್ಲ ‘ಫೋರ್ಡೈಸ್ ಇರಬೇಕು’ ಅಂತ ಬಿಟ್ಟುಬಿಡಬೇಡಿ. ಒರೆಸಿದರೂ ಹೋಗದ ಬಿಳಿ ಪಟ್ಟೆ, ಖಾರ ತಾಗಿದರೆ ಉರಿ, ಬಾಯಿ ಮೊದಲಿನಷ್ಟು ಅಗಲ ತೆರೆಯದಿರುವುದು, ಎರಡು ವಾರವಾದರೂ ಮಾಗದ ಹುಣ್ಣು: ಇವುಗಳಲ್ಲಿ ಒಂದು ಇದ್ದರೂ ದಂತವೈದ್ಯರಿಗೆ ಇಲ್ಲವೇ ಕಿವಿ-ಮೂಗು-ಗಂಟಲು ವೈದ್ಯರಿಗೆ ಈ ವಾರವೇ ತೋರಿಸಿ. ಕೊಯ್ಲು ಮುಗಿಯಲಿ ಅಂತ ಮುಂದೂಡಬೇಡಿ.