ಹಳೇ ಕೋವಿಯನ್ನು ಉಜ್ಜುವ ಮೊದಲು

ಒಮ್ಮೆ ಒಬ್ಬರು ತಮ್ಮ ಅಜ್ಜನ ಜೋಡುನಳಿಗೆ ಕೋವಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಎರಡು ಭಾನುವಾರ ಕೂತು ಉಜ್ಜಿದೆ ಸರ್. ಯಾವ ಕಾಲದ್ದು, ಎಲ್ಲಿ ಮಾಡಿದ್ದು ಹೇಳಿ" ಎಂದರು. ನಳಿಗೆ ಬಿಚ್ಚಿ ತಿರುವಿ ನೋಡಿದೆ. ಅಡಿಭಾಗದ ಮುದ್ರೆಗಳು ಸವೆದು ಬರೀ ನೆರಳಿನಂತೆ ಉಳಿದಿದ್ದವು. ಅವರು ಕೇಳಿದ ಪ್ರಶ್ನೆಗೆ ಉತ್ತರ ಇದ್ದದ್ದೇ ಅಲ್ಲಿ. ಅದು ಮರಳುಕಾಗದದ ಪಾಲಾಗಿತ್ತು. ಅವರು ಮಾಡಿದ್ದು ಪ್ರೀತಿಯಿಂದಲೇ ಅಲ್ವಾ? ಅದಕ್ಕೇ ನನಗೆ ಜಾಸ್ತಿ ಬೇಸರವಾಯಿತು.

ಹಾಗಾಗಿ ಈ ಅಂಕಣದಲ್ಲಿ ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಮೊದಲು ಓದಿ, ಆಮೇಲೆ ಒರೆಸಿ. ಉಜ್ಜುವುದು ಮಾತ್ರ ಬೇಡ.

ಓದುವುದಕ್ಕೂ ಮೊದಲು ಕೋವಿ ಖಾಲಿಯಿದೆಯೇ ನೋಡಬೇಕು. ಮಡಚುವ ತೋಟಾಕೋವಿಯಾದರೆ ತೆರೆದರೆ ಗೊತ್ತಾಗುತ್ತದೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಹಾಗೆ ಕಾಣುವುದಿಲ್ಲ. ಗೋಡೆಯ ಮೇಲೆ ವರ್ಷಗಟ್ಟಲೆ ತೂಗಿದ ಕೋವಿಯಲ್ಲೂ ಈಡು ಹಾಗೇ ಇರಬಹುದು. ಒಣಗಿದ ಕರಿಮದ್ದು ಎಷ್ಟು ಹಳೆಯದಾದರೂ ಹೊತ್ತಿಕೊಳ್ಳುತ್ತದೆ. ನಳಿಗೆಯ ಬಾಯಿಗೆ ಮುಖ ಒಡ್ಡದೆ, ಪಕ್ಕದಲ್ಲಿ ನಿಂತು ಒಂದು ಮರದ ಕಡ್ಡಿಯನ್ನು ಮೆಲ್ಲಗೆ ಒಳಗೆ ಬಿಡಿ. ಅದು ನಿಂತ ಕಡೆ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಆಮೇಲೆ ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಇಟ್ಟು ಅಳೆಯಿರಿ. ಕಡ್ಡಿ ಬುಡದವರೆಗೆ ಮುಟ್ಟದೆ ನಾಲ್ಕೈದು ಬೆರಳು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ನೀವೇ ಕೀಳಲು ಹೋಗಬೇಡಿ, ತಿಳಿದವರನ್ನು ಕರೆಯಿರಿ. ಪರವಾನಗಿಯ ವಿಷಯವನ್ನೂ ಕೋವಿ ಕೈಗೆ ಬಂದ ದಿನವೇ ವಿಚಾರಿಸಿಕೊಳ್ಳಿ. ಹಳೆಯದು ಎಂದ ಮಾತ್ರಕ್ಕೆ ಎಲ್ಲ ಕಡೆಯೂ ಕಾನೂನು ಸುಮ್ಮನಿರುವುದಿಲ್ಲ.

ಈಗ ಓದೋಣ. ಎಲ್ಲರೂ ಮೊದಲು ನೋಡುವುದು ನಳಿಗೆಯ ಮೇಲಿರುವ ಹೆಸರನ್ನು. ನಾನು ಅದನ್ನು ಕೊನೆಗೆ ನೋಡುತ್ತೇನೆ. ಎಷ್ಟೋ ಸಲ ಅದು ಮಾರಿದ ಅಂಗಡಿಯ ಹೆಸರು. ಇನ್ನು ಕೆಲವು ಸಲ ದೊಡ್ಡ ತಯಾರಕರ ಹೆಸರನ್ನು ಒಂದಕ್ಷರ ತಿರುಚಿ ಕೆತ್ತಿದ್ದು. ನಿಜ ಹೇಳುವುದು ನಳಿಗೆಯ ಬುಡದ ಅಡಿಯಲ್ಲಿರುವ ಪರೀಕ್ಷೆಯ ಮುದ್ರೆಗಳು. ಯುರೋಪಿನ ಹಲವು ದೇಶಗಳಲ್ಲಿ ಹೊಸ ಕೋವಿಗೆ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಡೆದುಕೊಂಡರೆ ಮುದ್ರೆ ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ ಶುರುವಾದದ್ದು 1813ರಲ್ಲಿ. ಕತ್ತರಿಯಾಕಾರದಲ್ಲಿ ಜೋಡಿಸಿದ ಎರಡು ರಾಜದಂಡ, ಮೇಲೊಂದು ಕಿರೀಟ ಕಂಡರೆ ಅದು ಸಾಮಾನ್ಯವಾಗಿ ಅಲ್ಲಿಯದು, 1904ಕ್ಕಿಂತ ಹಿಂದಿನದು. ಆಮೇಲೆ ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಎಂಬ ಅಕ್ಷರಗಳು ಬಂದವು. ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಎಂದಿದ್ದರೆ ಬೆಲ್ಜಿಯಂನ ಲಿಯೇಜ್. ಅದರ ನೆತ್ತಿಯ ಮೇಲೆ ಕಿರೀಟವೂ ಇದ್ದರೆ 1893ರಿಂದ ಈಚೆಗಿನದು. ಇಂಗ್ಲಿಷ್ ನಳಿಗೆಯ ಮೇಲೆ 'ನಾಟ್ ಫಾರ್ ಬಾಲ್' ಎಂದು ಕೆತ್ತಿದ್ದರೆ ನನಗೆ ಖುಷಿ. ಒಂಟಿ ಗುಂಡು ಹಾರಿಸಬೇಡಿ ಎಂದು ಬಾಯಿ ಕಿರಿದಾದ ನಳಿಗೆಗೆ ಆ ಎಚ್ಚರಿಕೆ ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಹುಟ್ಟಿದ ವರ್ಷವನ್ನು ಇಷ್ಟು ಹತ್ತಿರದಿಂದ ಹೇಳುವ ಗುರುತು ಸಿಗುವುದು ಅಪರೂಪ.

12 ಎಂಬ ಅಂಕಿ ಬೋರ್. ನಳಿಗೆಯ ರಂಧ್ರಕ್ಕೆ ಸರಿಯಾಗಿ ಕೂರುವ ಸೀಸದ ಗುಂಡು 12 ಸೇರಿದರೆ ಒಂದು ಪೌಂಡ್ ತೂಗಬೇಕು ಎಂದರ್ಥ. ರಂಧ್ರದ ಅಗಲ ಸುಮಾರು 18.5 ಮಿ.ಮೀ.

ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಒಂದು ಸರಳಿಗೆ ಹಗ್ಗದಂತೆ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದ ನಳಿಗೆ ಅದು. ಆ ಕೈಕೆಲಸ ನೋಡಿದಾಗಲೆಲ್ಲ ನನಗೆ ತಲೆಬಾಗಬೇಕು ಅನ್ನಿಸುತ್ತದೆ. ಆದರೆ ಬಹುಪಾಲು ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. ಇಂದಿನ ಹೊಗೆರಹಿತ ಮದ್ದಿನ ತೋಟಾ ಅವಕ್ಕಲ್ಲ. ಉಕ್ಕಿನ ನಳಿಗೆಯಾದರೂ ಒಂದು ಅಪಾಯವಿದೆ. ಹಳೆಯ ಇಂಗ್ಲಿಷ್ ಕೋವಿಗಳ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, ಬಹಳಷ್ಟು ಸಲ 65 ಮಿ.ಮೀ. ಉದ್ದ. ಈಗಿನ 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಹೋಗುತ್ತದೆ, ಯಾಕೆಂದರೆ ಅದರ ಬಾಯಿ ಮಡಚಿರುತ್ತದೆ. ಹಾರಿದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. "ತೋಟಾ ಹಿಡಿಯಿತು, ಹಾಗಾಗಿ ಸರಿಯಾದದ್ದೇ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಳತೆ ನೋಡಬಲ್ಲ ಕೋವಿ ರಿಪೇರಿಯವರು ಪರೀಕ್ಷಿಸಿ ಹೇಳುವವರೆಗೆ ಹಾರಿಸಲೇಬೇಡಿ.

ಇನ್ನು ಕಾಪಾಡುವ ವಿಷಯ. ಹಳೆಯ ನಳಿಗೆಯ ಕಂದು ಬಣ್ಣವನ್ನು ಜನ ತುಕ್ಕು ಎಂದುಕೊಳ್ಳುತ್ತಾರೆ. ಒಂದರ್ಥದಲ್ಲಿ ಹೌದು. ತಯಾರಕರೇ ಬೇಕೆಂದು ನಿಧಾನವಾಗಿ ತುಕ್ಕು ಹಿಡಿಸಿ, ಒರೆಸಿ, ಮತ್ತೆ ಹಿಡಿಸಿ ತಂದ ಬಣ್ಣ ಅದು. ಡಮಾಸ್ಕಸ್‌ನ ಗೆರೆಗಳು ಎದ್ದು ಕಾಣುವುದು ಅದರಿಂದಲೇ. ಅದನ್ನು ಉಜ್ಜಿ ತೆಗೆದರೆ ಗೆರೆಯೂ ಮಸುಕಾಗುತ್ತದೆ. ಕೆಟ್ಟ ತುಕ್ಕನ್ನು ಗುರುತಿಸುವುದು ಸುಲಭ. ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಪುಡಿ ಬಟ್ಟೆಗೆ ಅಂಟಿದರೆ ತುಕ್ಕು ಇನ್ನೂ ತಿನ್ನುತ್ತಿದೆ. ಅಲ್ಲಿಗೆ ಮಾತ್ರ ತೆಳು ಎಣ್ಣೆ ಹಾಕಿ ಒಂದು ದಿನ ಬಿಡಿ, ಆಮೇಲೆ ಮೆತ್ತಗೆ ಒರೆಸಿ. ಮುದ್ರೆ, ಕೆತ್ತನೆ ಇರುವ ಕಡೆ ಬಟ್ಟೆ ಬಿಟ್ಟು ಬೇರೇನೂ ಬೇಡ. ಮತ್ತೆ ಕಪ್ಪು ಬಣ್ಣ ಹಾಕಿಸುವ ಆಸೆಯನ್ನೂ ತಡೆದುಕೊಳ್ಳಿ. ಸ್ಕ್ರೂಗಳ ಸಹವಾಸ ಬೇಡ. ಅವುಗಳ ಸೀಳು ತುಂಬಾ ಸಣ್ಣದು, ಮನೆಯ ಸ್ಕ್ರೂಡ್ರೈವರ್ ಒಂದೇ ತಿರುವಿಗೆ ಹಾಳುಮಾಡುತ್ತದೆ.

ಮರದ ಹಿಡಿಗೆ ದೊಡ್ಡ ಶತ್ರು, ನಾವೇ ಹಾಕುವ ಎಣ್ಣೆ. ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಯಂತ್ರಭಾಗದ ಎಣ್ಣೆ ಇಳಿದಿಳಿದು ಮರಕ್ಕೆ ಸೇರುತ್ತದೆ. ವರ್ಷಗಳ ಮೇಲೆ ಮರ ಕಪ್ಪಾಗಿ, ಮೆತ್ತಗಾಗಿ ಬಿರುಕು ಬಿಡುತ್ತದೆ. ಬಾಯಿ ಕೆಳಗೆ ಮಾಡಿ, ಅಡಿಗೆ ಬಟ್ಟೆ ಇಟ್ಟು ನಿಲ್ಲಿಸಿ. ಹಳೆಯ ದುರಸ್ತಿಗಳನ್ನು ಮುಟ್ಟಬೇಡಿ. ಹಿಡಿಯ ಕುತ್ತಿಗೆ ಮುರಿದು, ತಾಮ್ರದ ತಂತಿ ಬಿಗಿದಿದ್ದ ಒಂದು ಕೋವಿ ನನ್ನ ಬಳಿ ಬಂದಿತ್ತು. ಹೊಸ ಮರ ಹಾಕಿ ಎಂದರು. ತಂತಿಯ ಸುತ್ತುಗಳು ಒಂದರ ಪಕ್ಕ ಒಂದು ಎಷ್ಟು ನೀಟಾಗಿದ್ದವೆಂದರೆ ಬಿಚ್ಚಲು ಕೈ ಬರಲಿಲ್ಲ. ಯಾರು ಸುತ್ತಿದ್ದು ಎಂದು ಕೇಳಿದೆ. ಗೊತ್ತಿರಲಿಲ್ಲ. ಮನೆಗೆ ಹೋಗಿ ದೊಡ್ಡಮ್ಮನನ್ನು ಕೇಳಿದರಂತೆ. ಮಾರನೇ ವಾರ ಬಂದು, "ತಂತಿ ಹಾಗೇ ಇರಲಿ" ಎಂದರು.

ಚರ್ಮದ ಪೆಟ್ಟಿಗೆ, ಚರ್ಮದ ಚೀಲ ಸಾಗಿಸಲು ಮಾತ್ರ. ಹದ ಮಾಡಿದ ಚರ್ಮದಲ್ಲಿ ಆಮ್ಲ ಉಳಿದಿರುತ್ತದೆ, ತೇವವನ್ನೂ ಹಿಡಿದಿಡುತ್ತದೆ. ಒಂದೇ ಮಳೆಗಾಲದಲ್ಲಿ ನಳಿಗೆಗೆ ಚುಕ್ಕೆ ಬೀಳಬಹುದು. ಬೀಗವಿರುವ ಉಕ್ಕಿನ ಬೀರು, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಮುಟ್ಟಿದ ಮೇಲೆ ಪ್ರತಿ ಸಲ ಎಣ್ಣೆಬಟ್ಟೆಯ ಒಂದು ಒರೆಸು. ಬೆರಳಿನ ಬೆವರೂ ಉಪ್ಪೇ.

ಎಲ್ಲ ಮುದ್ರೆಗಳ ಫೋಟೋ ತೆಗೆಯಿರಿ, ಬೆಳಕು ಪಕ್ಕದಿಂದ ಬೀಳಲಿ, ಆಗ ಸವೆದ ಅಕ್ಷರವೂ ಕಾಣುತ್ತದೆ. ಸೀರಿಯಲ್ ನಂಬರ್, ನಳಿಗೆಯ ಉದ್ದ, ಮನೆಯ ಹಿರಿಯರು ನೆನಪಿಟ್ಟಿರುವುದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಆ ಹಾಳೆಯನ್ನು ಕೋವಿಯ ಜೊತೆ ಇಡಬೇಡಿ. ಕೋವಿ ಕಳುವಾದರೆ ಪೊಲೀಸರು ಮೊದಲು ಕೇಳುವುದೇ ಆ ನಂಬರನ್ನು.